ಹಲಸಿನ ಹಣ್ಣಿಗೆ ಎಷ್ಟು ಹೆಸರು?

ಶೃಂಗೇರಿಗೆ ಹೋಗಿಬಂದ ವಾಚಕರು ಈ ನೋಟವನ್ನು ಕಂಡೇ ಇರುವಿರಿ. ತುಂಗೆಯ ಮೆಟ್ಟಿಲುಗಳಲ್ಲಿ ನಿಂತು ಮೀನುಗಳಿಗೆ ಮಂಡಕ್ಕಿ ಎರಚಿ, ಕೈಕಾಲು ತೊಳೆದು, ಮೇಲೇರಿ ಶಾರದೆಯ ಸನ್ನಿಧಿಗೆ ಬಂದರೆ ಅಲ್ಲಿ ಎಳೆಯ ಮಕ್ಕಳ ಸಾಲು. ತಂದೆಯ ತೊಡೆಯ ಮೇಲೆ ಕುಳಿತ ಹಸುಳೆಯ ತೋರುಬೆರಳನ್ನು ಹಿಡಿದು, ಹರಡಿದ ಅಕ್ಕಿಯಲ್ಲಿ ಮೊದಲ ಅಕ್ಷರವನ್ನು ಬರೆಯಿಸುವರು. ಕೆಲವು ಮಕ್ಕಳು ಬೆಚ್ಚಿ ಅಳುವುವು. ಕೆಲವು ಅಕ್ಷರದ ಗೊಡವೆಗೇ ಹೋಗದೆ ಅಕ್ಕಿಯನ್ನು ಬಾಯಿಗೆ ಹಾಕಿಕೊಳ್ಳುವುವು. ನೂರಾರು ಮೈಲಿ ದೂರದಿಂದ ಜನ ಇದಕ್ಕಾಗಿ ಇಲ್ಲಿಗೆ ಬರುವರು. ಮುಹೂರ್ತ ನೋಡಿ, ಹೊಸ ಬಟ್ಟೆ ತೊಡಿಸಿ, ಹೊಸ ಸ್ಲೇಟು ಕೊಂಡು ನಡೆಸುವ ಅಕ್ಷರಾಭ್ಯಾಸವದು.

ಆದರೆ ಮರುದಿನ ಆ ಮಗುವಿನ ಕೈಗೆ ಯಾವ ಪುಸ್ತಕ ಬರುವುದೆಂಬುದನ್ನು ನಾವು ಯೋಚಿಸಿರುವೆವೆ? ಮುಹೂರ್ತಕ್ಕೆ ಕೊಟ್ಟ ಗಮನದ ಹತ್ತರಲ್ಲೊಂದು ಪಾಲನ್ನೂ ನಾವು ಅದಕ್ಕೆ ಕೊಡುವುದಿಲ್ಲ. ಬಸ್ ನಿಲ್ದಾಣದ ಅಂಗಡಿಯಲ್ಲಿ ದಾರಕ್ಕೆ ತೂಗುಹಾಕಿರುವ ನಾಲ್ಕು ಪುಸ್ತಕಗಳಲ್ಲಿ ಬಣ್ಣ ಹೆಚ್ಚಾಗಿರುವ ಒಂದನ್ನು ಕಿತ್ತು ತರುವುದು, ಅಷ್ಟೆ. ಅದರೊಳಗೆ ಏನಿರುವುದೆಂದು ಬಲ್ಲಿರಿ. ಸೇಬು, ಚೆಂಡು, ಬೆಕ್ಕು, ಆಮೇಲೆ ಹಿಮದ ಗಡ್ಡೆಗಳಿಂದ ಕಟ್ಟಿದ ಇಗ್ಲೂ ಎಂಬ ಮನೆ, ಕೊನೆಯಲ್ಲಿ ಝೀಬ್ರಾ. ಇವುಗಳ ಮೇಲೆ ನನಗೆ ದ್ವೇಷವಿಲ್ಲ. ಇಗ್ಲೂವನ್ನು ಕಂಡು ಬೆರಗಾಗುವ ಹಕ್ಕು ಎಲ್ಲ ಮಕ್ಕಳಿಗೂ ಉಂಟು. ಆದರೆ ಮಲೆನಾಡಿನ ಈ ಮೂರು ತಾಲ್ಲೂಕುಗಳ ಮಗು, ಎಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಮಗು, ದಿನ ಬೆಳಗಾದರೆ ಕಾಣುವುದೇನು? ಅಂಗಳದಲ್ಲಿ ಬಿದ್ದ ಅಡಿಕೆಯ ಹಾಳೆ, ಅದರ ಮೇಲೆ ತಮ್ಮನನ್ನು ಕೂರಿಸಿ ಎಳೆಯುವ ಅಣ್ಣ, ಹಳ್ಳಕ್ಕೆ ಹಾಕಿದ ಕಾಲುಸಂಕ, ಗೋಡೆಯ ಗೂಟಕ್ಕೆ ತೂಗುಹಾಕಿದ ಹಳೆಯ ಗೊರಬು, ಆಷಾಢದಲ್ಲಿ ಬಚ್ಚಲೊಲೆಯ ಬಳಿ ಒಣಗಿದರೂ ಒಣಗದ ಬಟ್ಟೆ, ಕಾಲಿಗೆ ಹತ್ತುವ ಉಂಬಳ. ಆ ಬಣ್ಣದ ಪುಸ್ತಕದ ಯಾವ ಪುಟದಲ್ಲಿಯೂ ಇವುಗಳಿಗೆ ಸ್ಥಳವಿಲ್ಲ. ಮಗು ಮೊದಲ ಸಲ ಪುಸ್ತಕವನ್ನು ತೆರೆದಾಗಲೇ, ತನ್ನ ಮನೆ ಪುಸ್ತಕಕ್ಕೆ ಸೇರುವಂಥದಲ್ಲವೆಂಬ ಪಾಠವನ್ನು ಯಾರೂ ಹೇಳಿಕೊಡದೆಯೇ ಕಲಿಯುವುದು.

ಇರುವ ಪುಸ್ತಕಗಳಲ್ಲಿ ಹಲಸು ಬರುವುದಿಲ್ಲವೆಂದೇನೂ ಅಲ್ಲ. ಒಂದು ಹೊಳಪಿನ ಪುಸ್ತಕದಲ್ಲಿ ನಾನೇ ಕಂಡಿರುವೆನು. ಮಾವಿನ ಹಣ್ಣಿನಂತೆ ಹಲಸು ಕೊಂಬೆಯ ತುದಿಯ ಚಿಗುರಿನಲ್ಲಿ ತೂಗಾಡುತ್ತಿದ್ದಿತು. ಚಿತ್ರಕಾರ ಮಹಾಶಯನು ಹಣ್ಣನ್ನು ಮಾರುಕಟ್ಟೆಯಲ್ಲಿ ನೋಡಿದ್ದನು, ಮರವನ್ನು ನೋಡಿರಲಿಲ್ಲವೆಂದು ತೋರುವುದು. ಕಾಂಡಕ್ಕೇ ಅಂಟಿಕೊಂಡು, ಕೆಲವೊಮ್ಮೆ ಬುಡದ ಮಣ್ಣಿಗೆ ತಾಗುವಂತೆ ಬಿಡುವ ಹಲಸನ್ನು ನಿತ್ಯ ಕಾಣುವ ನಾಲ್ಕು ವರ್ಷದ ಪೋರನೊಬ್ಬನು ಆ ಪುಟವನ್ನು ನೋಡಿ ಬಿದ್ದು ಬಿದ್ದು ನಕ್ಕನು. ಆ ನಗುವಿನಲ್ಲಿ ಒಳ್ಳೆಯ ವಿಮರ್ಶೆ ಇದ್ದಿತು.

ನರಸಿಂಹರಾಜಪುರದ ಕಡೆಗೆ ಬರೋಣ. ಹಿಂದೆ ಎಡೇಹಳ್ಳಿ ಎಂದು ಕರೆಯಿಸಿಕೊಳ್ಳುತ್ತಿದ್ದ ಈ ಊರಿನಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ನುಡಿಯ ಸಂತೆಯೇ ನೆರೆದಿರುವುದು. ತಿರುವಾಂಕೂರಿನ ಕಡೆಯಿಂದ ಬಂದು ನೆಲೆಸಿ ರಬ್ಬರು, ಅಡಿಕೆಗಳನ್ನು ಬೆಳೆಸಿದ ಮಲೆಯಾಳಿ ಕ್ರೈಸ್ತ ಕುಟುಂಬಗಳು ಇಲ್ಲಿವೆ. ಘಟ್ಟ ಹತ್ತಿಬಂದ ತುಳುವರು, ಕೊಂಕಣಿಗರು, ಬ್ಯಾರಿಗಳು ಇರುವರು. ಉರ್ದು ಆಡುವ ಮನೆಗಳಿವೆ. ತೋಟದ ಕೆಲಸಕ್ಕೆ ಬಂದ ತಮಿಳರ ಮನೆಗಳಿವೆ. ಈಚಿನ ವರ್ಷಗಳಲ್ಲಿ ಅಸ್ಸಾಮಿನ ಕಡೆಯಿಂದಲೂ ಕೂಲಿಕಾರರು ಮಕ್ಕಳುಮರಿಗಳೊಡನೆ ಬಂದಿರುವರು. ಇವರೆಲ್ಲರ ಮಕ್ಕಳೂ ಮೂರು ವರ್ಷ ತುಂಬಿದೊಡನೆ ಒಂದೇ ಜಮಖಾನದ ಮೇಲೆ ಬಂದು ಕೂರುವ ಸ್ಥಳವೆಂದರೆ ಅಂಗನವಾಡಿ. ೧೯೭೫ರ ಅಕ್ಟೋಬರ್ ೨ರಂದು ದೇಶದಲ್ಲಿ ಈ ಯೋಜನೆ ಮೊದಲಾದಾಗ ನಮ್ಮ ರಾಜ್ಯದಲ್ಲಿ ಅದಕ್ಕೆ ಆಯ್ದುಕೊಂಡದ್ದು ಟಿ. ನರಸೀಪುರವನ್ನು. ಇಂದು ಅಂಗನವಾಡಿ ಇಲ್ಲದ ಊರನ್ನು ಹುಡುಕುವುದು ಕಷ್ಟ. ನಮ್ಮ ನಗರವಾಸಿ ವಾಚಕರು ಅದನ್ನು ಹಿಟ್ಟು, ಮೊಟ್ಟೆ ಹಂಚುವ ಸ್ಥಳವೆಂದು ಬಗೆದಿರಬಹುದು. ವಾಸ್ತವವಾಗಿ ಅದು ಬಡವರ ಶಿಶುವಿಹಾರ.

ಅಂತಹ ಒಂದು ಅಂಗನವಾಡಿಗೆ ಕಳೆದ ಮಳೆಗಾಲದಲ್ಲಿ ನನ್ನ ಕೆಲವು ವಿದ್ಯಾರ್ಥಿಗಳೊಡನೆ ಹೋಗಿದ್ದೆನು. ಗೋಡೆಯ ಮೇಲೆ ಹಣ್ಣುಗಳ ಪಟ. ಟೀಚರ್ ಕೋಲಿನಿಂದ ಒಂದೊಂದನ್ನೇ ತೋರಿಸುತ್ತಿದ್ದರು, ಮಕ್ಕಳು ಕೂಗುತ್ತಿದ್ದರು. ಮೂಲೆಯಲ್ಲಿ ಒಂದು ಹೆಣ್ಣುಮಗು ಸುಮ್ಮನೆ ಕುಳಿತಿದ್ದಿತು. ಸೇರಿ ಎರಡು ತಿಂಗಳಾದರೂ ಬಾಯಿಬಿಟ್ಟಿಲ್ಲವೆಂದೂ, ಮಗು ಸ್ವಲ್ಪ ಮಂದವಿರಬಹುದೆಂದೂ ಟೀಚರ್ ನನಗೆ ಮೆಲ್ಲಗೆ ಹೇಳಿದರು. ಆಕೆ ಕೆಟ್ಟ ಹೆಂಗಸಲ್ಲ. ಇಪ್ಪತ್ತು ಮಕ್ಕಳ ಮೂಗೊರಸಿ, ಅನ್ನ ಬಡಿಸಿ, ಹತ್ತಾರು ದಾಖಲೆ ಪುಸ್ತಕ ತುಂಬುವ ದಣಿವಿನಲ್ಲಿ ಆಡಿದ ಮಾತದು. ಕೋಲು ಹಲಸಿನ ಮೇಲೆ ನಿಂತಿತು. ಅಷ್ಟರಲ್ಲಿ ಆ ಮಗು ಎದ್ದುನಿಂತು, "ಚಕ್ಕ!" ಎಂದಿತು.

ಉಳಿದ ಮಕ್ಕಳು ಗೊಳ್ಳೆಂದು ನಕ್ಕರು. ಟೀಚರ್, "ಚಕ್ಕ ಅಲ್ಲ, ಹಲಸು ಅನ್ನು" ಎಂದರು. ಮಗು ಕುಳಿತುಬಿಟ್ಟಿತು. ಮತ್ತೆರಡು ತಿಂಗಳ ಮೌನಕ್ಕೆ ಅಲ್ಲಿಗೆ ಅಡಿಪಾಯ ಬೀಳುತ್ತಿದ್ದಿತೋ ಏನೋ, ಅಡಿಗೆಯ ಬದಿಯಿಂದ ಸೌಟು ಹಿಡಿದೇ ಹೊರಬಂದ ಸಹಾಯಕಿ ಮಾತ್ರ ಬಿಡಲಿಲ್ಲ. "ನಗೋದ್ಯಾಕ್ರೋ? ನಮ್ಮನೇಲಿ ಅದಕ್ಕೆ ಪೆಲಕಾಯಿ ಅಂತೀವಿ. ನಿಮ್ಮನೇಲಿ ಏನಂತಾರೆ, ಹೇಳಿ ನೋಡುವ!" ಎಂದು ಗದರಿಸಿಯೇ ಕೇಳಿದಳು. ಕ್ಷಣಕಾಲ ನಿಶ್ಶಬ್ದ. ಆಮೇಲೆ ಹಿಂದಿನ ಸಾಲಿನಿಂದ ಒಬ್ಬನು "ಪಣಸು" ಎಂದನು. ಇನ್ನೊಬ್ಬಳು "ಪಲಾ" ಎಂದಳು. ಸಹಾಯಕಿ ಮೂಲೆಯ ಮಗುವಿನ ಕಡೆ ತಿರುಗಿ, "ನೀ ಎಂತ ಹೇಳಿದ್ದು ಮಾರಾಯ್ತಿ, ಇನ್ನೊಂದ್ಸಲ ಹೇಳು" ಎಂದಳು. ಈ ಸಲ ಯಾರೂ ನಗಲಿಲ್ಲ.

ಆ ಸಹಾಯಕಿ ಓದಿದ್ದು ಏಳನೆಯ ತರಗತಿಯವರೆಗೆ. ಶಿಕ್ಷಣಶಾಸ್ತ್ರದ ದಪ್ಪ ಗ್ರಂಥಗಳಲ್ಲಿ ಇಳಿದು ಹುಡುಕಿದರೂ ಅವಳ ಪ್ರಶ್ನೆಗಿಂತ ಒಳ್ಳೆಯ ಪಾಠಕ್ರಮ ನನಗೆ ಸಿಕ್ಕಿಲ್ಲ.

ಚಕ್ಕ ಎಂಬ ಆ ಶಬ್ದದ ಹಿರಿಮೆಯನ್ನೂ ಇಲ್ಲಿಯೇ ಹೇಳಿಬಿಡುವೆನು. ಪೋರ್ಚುಗೀಸರು ಮಲಬಾರಿಗೆ ಬಂದಿಳಿದಾಗ ಈ ದೈತ್ಯ ಹಣ್ಣನ್ನು ಕಂಡು, ಅಲ್ಲಿಯ ಜನ ಆಡುತ್ತಿದ್ದ ಚಕ್ಕವನ್ನೇ ಜಾಕ ಎಂದು ತಿರುಚಿಕೊಂಡರು. ಗೋವೆಯಲ್ಲಿ ವೈದ್ಯನಾಗಿದ್ದ ಗಾರ್ಸಿಯ ದ ಓರ್ಟನು ೧೫೬೩ರಲ್ಲಿ ಅಚ್ಚು ಹಾಕಿಸಿದ ಔಷಧಿಗಳ ಗ್ರಂಥದಲ್ಲಿ ಅದು ಹೀಗೆಯೇ ಇರುವುದು. ಅದರಿಂದ ಇಂಗ್ಲಿಷಿನ ಜ್ಯಾಕ್‌ಫ್ರೂಟ್ ಹುಟ್ಟಿತು. ಎಂದರೆ, ಇಂಗ್ಲಿಷ್ ಶಿಶುವಿಹಾರದಲ್ಲಿ ಗೌರವದಿಂದ ಉಚ್ಚರಿಸಲ್ಪಡುವ ಶಬ್ದ, ನಮ್ಮ ಅಂಗನವಾಡಿಯಲ್ಲಿ ನಗೆಗೀಡಾದ ಶಬ್ದದ ಮೊಮ್ಮಗು! ಇನ್ನೊಂದು ಮಾತು: ಆ ಮಗುವಿನ ಮನೆಯಲ್ಲಿ ಮಳೆಗೂ ಕೋಳಿಗೂ ಆಡುವ ಮಾತಿನಲ್ಲಿ ಒಂದು ವಿಶೇಷ ಳಕಾರವಿದೆ. ಅದು ನಮ್ಮ ಹಳಗನ್ನಡದ ೞ. ಮೞೆ, ಕೋೞಿ ಎಂದು ನಮ್ಮ ಪ್ರಾಚೀನ ಕವಿಗಳೂ ಬರೆಯುತ್ತಿದ್ದರು. ಬಿ.ಎ. ತರಗತಿಯಲ್ಲಿ ಅದರ ಉಚ್ಚಾರಣೆಯನ್ನು ಕಲಿಸಲು ನಾನು ವರ್ಷಂಪ್ರತಿ ನಾಲಿಗೆ ಮಡಿಸಿ ದಣಿಯುವೆನು. ನಾಲ್ಕು ವರ್ಷದ ಮಲೆಯಾಳಿ ಮಗುವಿಗೆ ಅದು ತಾಯ ಹಾಲಿನೊಡನೆ ಬಂದಿರುವುದು.

ಈಗ ಒಂದಿಷ್ಟು ದೂರ ಹೋಗಬೇಕಾಗಿದೆ. ನಿಮ್ಮಲ್ಲಿ ಅನೇಕರ ಮೊಮ್ಮಕ್ಕಳು ಅಮೆರಿಕದಲ್ಲಿರುವರಷ್ಟೆ. ಕ್ಯಾಲಿಫೋರ್ನಿಯದ ಶಿಶುವಿಹಾರದಲ್ಲಿ ನಿಮ್ಮ ಮೊಮ್ಮಗನ ಪಕ್ಕದಲ್ಲಿ ಕುಳಿತಿರುವ ಮಗು ಮೆಕ್ಸಿಕೋ ಮೂಲದ್ದಾಗಿರುವ ಸಂಭವ ಬಹಳ. ಮೆಕ್ಸಿಕೋ, ಪೋರ್ಟೊ ರಿಕೊ, ಕ್ಯೂಬಾ ಮೊದಲಾದ ಕಡೆಗಳಿಂದ ಬಂದವರನ್ನೂ ಅವರ ಸಂತತಿಯನ್ನೂ ಅಲ್ಲಿ ಲ್ಯಾಟಿನೋ ಜನರೆಂದು ಕರೆಯುವರು. ಅವರಲ್ಲಿ ಬಹುಮಂದಿಯ ಮನೆಮಾತು ಸ್ಪ್ಯಾನಿಷ್. ಆ ದೇಶದ ಮಕ್ಕಳಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲು ಇವರೇ. ಮನೆಯಲ್ಲೊಂದು ಮಾತು, ಶಾಲೆಯಲ್ಲೊಂದು ಮಾತು, ಪುಸ್ತಕದಲ್ಲಿ ಬೇರೆಯವರ ಮನೆ ಎಂಬ ಕಷ್ಟವನ್ನು ಅವರು ನೂರು ವರ್ಷದಿಂದ ಅನುಭವಿಸಿರುವರು. ಅದಕ್ಕೆ ಪರಿಹಾರವನ್ನೂ ಹುಡುಕಿರುವರು. ಆ ಪರಿಹಾರದ ಹೆಸರು ಚಿತ್ರಪುಸ್ತಕ.

ಮೊದಲಿಟ್ಟವಳು ಪೂರಾ ಬೆಲ್ಪ್ರೆ ಎಂಬ ಹೆಣ್ಣುಮಗಳು. ಪೋರ್ಟೊ ರಿಕೊ ದ್ವೀಪದಿಂದ ನ್ಯೂಯಾರ್ಕಿಗೆ ಬಂದು, ಅಲ್ಲಿಯ ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದಳು. ಅವಳ ನಾಡಿನಿಂದ ಆ ಕೆಲಸಕ್ಕೆ ಬಂದವರಲ್ಲಿ ಅವಳೇ ಮೊದಲಿಗಳು. ಮಕ್ಕಳ ಕಪಾಟಿನಲ್ಲಿ ಲೋಕದ ಕಥೆಗಳೆಲ್ಲ ಇದ್ದುವು. ಬಾಲ್ಯದಲ್ಲಿ ತಾನು ಅಜ್ಜಿಯ ಬಾಯಿಂದ ಕೇಳಿದ ಕಥೆ ಮಾತ್ರ ಒಂದೂ ಇರಲಿಲ್ಲ. ಆಕೆ ಗೊಣಗುತ್ತ ಕೂರಲಿಲ್ಲ. ತಾನೇ ಹೇಳತೊಡಗಿದಳು, ಸ್ಪ್ಯಾನಿಷಿನಲ್ಲಿಯೂ ಇಂಗ್ಲಿಷಿನಲ್ಲಿಯೂ. ಗೊಂಬೆಗಳನ್ನು ಮಾಡಿ ಆಡಿಸಿದಳು. ಮಾರ್ಟಿನಾ ಎಂಬ ಚೆಲುವೆ ಜಿರಲೆಯು ಪೆರೆಜ್ ಎಂಬ ಇಲಿಯನ್ನು ವರಿಸಿದ ಕಥೆ ೧೯೩೨ರಲ್ಲಿ ಚಿತ್ರಗಳೊಡನೆ ಅಚ್ಚಾಯಿತು. ಜಿರಲೆಯು ನಾಯಿಕೆಯಾಗುವುದೆಂದರೆ ಮೂಗು ಮುರಿಯಬೇಡಿರಿ. ಕಾಗಕ್ಕ ಗುಬ್ಬಕ್ಕರನ್ನು ಕೇಳಿ ಬೆಳೆದ ನಮಗೆ ಅದರಲ್ಲಿ ಬೆರಗೇನು? ಗ್ರಂಥಾಲಯಕ್ಕೆ ಕಾಲಿಡಲು ಹೆದರುತ್ತಿದ್ದ ತಾಯಂದಿರು, ತಮ್ಮ ಮಾತು ಒಳಗೆ ಕೇಳಿಬರುವುದೆಂಬ ಧೈರ್ಯದಿಂದ ಮಕ್ಕಳ ಕೈಹಿಡಿದು ಬಂದರು. ೧೯೮೨ರಲ್ಲಿ ಆಕೆ ತೀರಿಕೊಂಡಳು. ೧೯೯೬ರಿಂದ ಅವಳ ಹೆಸರಿನಲ್ಲಿ ಲ್ಯಾಟಿನೋ ಲೇಖಕರಿಗೂ ಚಿತ್ರಕಾರರಿಗೂ ಪ್ರಶಸ್ತಿ ನಡೆದುಬಂದಿರುವುದು.

ಆ ಬಗೆಯ ಪುಸ್ತಕಗಳಲ್ಲಿ ನನಗೆ ಬಹಳ ಹಿಡಿಸಿದ ಒಂದನ್ನು ಹೇಳುವೆನು. ೧೯೯೩ರಲ್ಲಿ ಹೊರಬಂದದ್ದು, ಗ್ಯಾರಿ ಸೋಟೊ ಬರೆದ ಕಥೆ. ಹಬ್ಬದ ದಿನ ತಾಯಿಯೊಡನೆ ಹಿಟ್ಟು ನಾದುವ ಮರಿಯ ಎಂಬ ಹುಡುಗಿ, ತಾಯಿ ತೆಗೆದಿಟ್ಟ ವಜ್ರದುಂಗುರವನ್ನು ಸುಮ್ಮನೆ ಬೆರಳಿಗೆ ಹಾಕಿಕೊಳ್ಳುವಳು. ಆಮೇಲೆ ನೋಡಿದರೆ ಉಂಗುರವಿಲ್ಲ. ಹಿಟ್ಟಿನಲ್ಲಿ ಬಿದ್ದು ತಮಾಲೆಯೊಳಗೆ ಸೇರಿಹೋಗಿದೆಯೆಂದು ಹೆದರಿ, ಬಂದ ನೆಂಟರ ಮಕ್ಕಳಿಂದ ಇದ್ದ ತಮಾಲೆಗಳನ್ನೆಲ್ಲ ತಿನ್ನಿಸುವಳು! ತಮಾಲೆ ಎಂದರೇನು? ಜೋಳದ ಹಿಟ್ಟನ್ನು ಜೋಳದ ತೆನೆಯ ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ್ದು. ನ್ಯೂಯಾರ್ಕಿನ ದೊರೆಸಾನಿಗೆ ಅದನ್ನು ವಿವರಿಸಬೇಕಾಗಬಹುದು. ಕೊಪ್ಪದ ಮಗುವಿಗೆ ವಿವರಿಸುವ ಅಗತ್ಯವಿಲ್ಲ. ಅರಿಸಿನದ ಎಲೆಯಲ್ಲಿ ಮಡಿಸಿದ ಕಡುಬನ್ನು, ಕೆಸುವಿನ ಎಲೆಯ ಪತ್ರೊಡೆಯನ್ನು, ಹಲಸಿನ ಎಲೆಯ ಕೊಟ್ಟೆಯಲ್ಲಿ ಬೆಂದ ಕಡುಬನ್ನು ತಿಂದ ಮಗು ಚಿತ್ರವನ್ನು ನೋಡಿದೊಡನೆಯೇ, "ಓಹೋ, ಇವರ ಮನೇಲೂ ಕಡುಬು ಮಾಡ್ತಾರೆ" ಎನ್ನುವುದು. ತನ್ನ ಮನೆಯ ಕಡುಬನ್ನು ಪುಸ್ತಕದಲ್ಲಿ ಕಂಡಿರುವ ಮಗುವಿಗೆ ಮೆಕ್ಸಿಕೋದ ಕಡುಬು ಹತ್ತಿರವಾಗುವುದು; ಕಾಣದ ಮಗುವಿಗೆ ಎರಡೂ ದೂರ.

ಇಷ್ಟೆಲ್ಲ ಆದರೂ ಅವರ ಹೋರಾಟ ಮುಗಿದಿಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಮಕ್ಕಳ ಪುಸ್ತಕ ಕೇಂದ್ರದವರು ಪ್ರತಿ ವರ್ಷ, ತಮಗೆ ಬಂದ ಹೊಸ ಪುಸ್ತಕಗಳಲ್ಲಿ ಯಾರ ಮಕ್ಕಳು ಇರುವರೆಂದು ಎಣಿಸುವರು. ೨೦೧೮ರ ಎಣಿಕೆಯಂತೆ ನೂರು ಪುಸ್ತಕಗಳಲ್ಲಿ ಬಿಳಿಯ ಜನರ ಕಥೆಗಳು ೫೦. ಕರಡಿ, ಮೊಲ ಮುಂತಾದ ಪ್ರಾಣಿಗಳೂ ಇತರ ವಸ್ತುಗಳೂ ನಾಯಕರಾಗಿರುವ ಪುಸ್ತಕಗಳು ೨೭. ಲ್ಯಾಟಿನೋ ಮಕ್ಕಳ ಕಥೆಗಳು ೫. ಒಬ್ಬ ಲ್ಯಾಟಿನೋ ಬಾಲಕನು ಪುಸ್ತಕದಲ್ಲಿ ತನ್ನಂಥವನನ್ನು ಕಾಣುವುದಕ್ಕಿಂತ ಕರಡಿಯನ್ನು ಕಾಣುವುದು ಸುಲಭ! ನಮ್ಮಲ್ಲಿ ಯಾರೂ ಇನ್ನೂ ಎಣಿಸಿಲ್ಲ. ಎಣಿಸಿದರೆ ಆನೆ, ನರಿ, ಮೊಲಗಳ ಮುಂದೆ ಮಲೆನಾಡಿನ ಕೂಲಿಕಾರನ ಮಗು ಎಷ್ಟನೆಯ ಸ್ಥಾನದಲ್ಲಿ ನಿಲ್ಲುವುದೆಂದು ಊಹಿಸುವುದು ಕಷ್ಟವಲ್ಲ.

ಅವರಿಂದ ಕಲಿಯಬೇಕಾದ ಎಚ್ಚರಿಕೆಯೂ ಒಂದುಂಟು. ಲ್ಯಾಟಿನೋ ಪುಸ್ತಕಗಳೆಂದೊಡನೆ ಕೆಲವು ಪ್ರಕಾಶಕರು ಪ್ರತಿ ಪುಟದಲ್ಲಿಯೂ ಅಗಲ ಟೊಪ್ಪಿಗೆ, ಗಿಟಾರು, ಹಬ್ಬದ ಕುಣಿತಗಳನ್ನು ತುಂಬಿದರು. ಆ ಜನ ದಿನವೂ ಕುಣಿಯುತ್ತಲೇ ಇರುವರೆಂದು ಓದುವವರು ತಿಳಿಯಬೇಕು! ಮಲೆನಾಡಿಗೂ ಇದೇ ಗತಿಯಾಗುವ ಭಯವಿದೆ. ಯಕ್ಷಗಾನದ ಕಿರೀಟ, ಒಂದು ಜಲಪಾತ, ಹೆಂಚಿನ ಮನೆ ಎಂದರೆ ಮಲೆನಾಡಾಯಿತು ಎಂದುಕೊಳ್ಳುವ ಚಿತ್ರಕಾರರಿರುವರು. ಅದು ಪ್ರವಾಸಿಗರ ಕ್ಯಾಲೆಂಡರಿಗೆ ಸರಿ. ಮಗುವಿಗೆ ಬೇಕಾದುದು ಮಳೆಗೆ ಸೋರುವ ಮೂಲೆಯಲ್ಲಿಟ್ಟ ಪಾತ್ರೆ. ಅದರಲ್ಲಿ ಟಪ್ ಟಪ್ ಎನ್ನುವ ಸದ್ದು.

ನಮ್ಮಲ್ಲಿ ಪ್ರಯತ್ನಗಳು ನಡೆದೇ ಇಲ್ಲವೆಂದು ಹೇಳಿದರೆ ಅನ್ಯಾಯವಾದೀತು. ೧೬೫೮ರಲ್ಲಿ ಕೊಮೇನಿಯಸ್ ಎಂಬ ಪಂಡಿತನು ಚಿತ್ರದ ಕೆಳಗೆ ಎರಡು ಭಾಷೆಗಳಲ್ಲಿ ಹೆಸರಿಟ್ಟು ಮಕ್ಕಳ ಪುಸ್ತಕ ಮಾಡಿದ್ದನು. ೧೮೪೦ರಲ್ಲಿ ಫ್ರೋಬೆಲ್ ತನ್ನ ಪಾಠಶಾಲೆಗೆ ಮಕ್ಕಳ ತೋಟವೆಂಬ ಹೆಸರು ಕೊಟ್ಟನು. ಇವೆಲ್ಲ ನಮ್ಮ ಶಿಕ್ಷಕ ತರಬೇತಿಯ ಪರೀಕ್ಷೆಗಳಲ್ಲಿ ಅಂಕ ತಂದುಕೊಡುವ ಸಂಗತಿಗಳು. ನಮ್ಮ ದೇಶದಲ್ಲಿ ೧೯೫೭ರಲ್ಲಿ ಎರಡು ಸಂಸ್ಥೆಗಳು ಹುಟ್ಟಿದುವು: ವ್ಯಂಗ್ಯಚಿತ್ರಕಾರ ಶಂಕರ್ ಸ್ಥಾಪಿಸಿದ ಮಕ್ಕಳ ಪುಸ್ತಕ ನ್ಯಾಸವೂ, ಸರಕಾರದ ನ್ಯಾಷನಲ್ ಬುಕ್ ಟ್ರಸ್ಟೂ. ಆಮೇಲೆ ಚೆನ್ನೈಯ ತೂಲಿಕಾದವರು ಇಂಗ್ಲಿಷಿನೊಡನೆ ಕನ್ನಡವನ್ನೂ ಅಕ್ಕಪಕ್ಕದಲ್ಲಿಟ್ಟು ಪುಸ್ತಕಗಳನ್ನು ತಂದರು. ೨೦೦೪ರಲ್ಲಿ ಹುಟ್ಟಿದ ಪ್ರಥಮ್ ಬುಕ್ಸ್ ಸಂಸ್ಥೆಯವರು ಕಡಿಮೆ ಬೆಲೆಯ ಚಿತ್ರಪುಸ್ತಕಗಳನ್ನು ಕನ್ನಡದಲ್ಲಿಯೂ ಅಚ್ಚುಮಾಡಿದರು. ೨೦೧೫ರಲ್ಲಿ ಸ್ಟೋರಿವೀವರ್ ಎಂಬ ಭಂಡಾರವನ್ನು ತೆರೆದು, ಅಲ್ಲಿಯ ಚಿತ್ರಕಥೆಗಳನ್ನು ಯಾರು ಬೇಕಾದರೂ ತಮ್ಮ ಭಾಷೆಗೆ ತಿರುಗಿಸಿಕೊಳ್ಳಬಹುದೆಂದು ಅನುಮತಿ ಕೊಟ್ಟರು. ಇದು ಸಾಮಾನ್ಯ ಉಪಕಾರವಲ್ಲ. ಆದರೆ ಚಿತ್ರದಲ್ಲಿರುವ ಮನೆ ಯಾರದು ಎಂಬ ಪ್ರಶ್ನೆ ಹಾಗೆಯೇ ಉಳಿಯುವುದು. ಮಾತನ್ನು ಬದಲಾಯಿಸಬಹುದು, ಮಳೆಯೇ ಬಾರದ ಊರಿನ ಚಿತ್ರಕ್ಕೆ ಮಳೆ ಸುರಿಸಲಾದೀತೆ?

ಅದನ್ನೂ ಮಾಡಿ ತೋರಿಸಿದವರೊಬ್ಬರು ನಮ್ಮ ಈ ಕೊಪ್ಪ ತಾಲ್ಲೂಕಿನಲ್ಲಿಯೇ ಹುಟ್ಟಿದರು. ಕುವೆಂಪು ಅವರು ಜನಿಸಿದ್ದು ೧೯೦೪ರ ಡಿಸೆಂಬರ್ ೨೯ರಂದು, ತಾಯಿಯ ತವರಾದ ಹಿರೇಕೊಡಿಗೆಯಲ್ಲಿ. ತರುಣ ಪುಟ್ಟಪ್ಪನವರು ಮೊದಲು ಕವಿತೆ ಬರೆದದ್ದು ಇಂಗ್ಲಿಷಿನಲ್ಲಿ. ಐರಿಷ್ ಕವಿ ಜೇಮ್ಸ್ ಕಸಿನ್ಸರು ತಾಯಿನುಡಿಯಲ್ಲಿ ಬರೆಯಿರೆಂದು ಹೇಳಿದ ಕಥೆ ಎಲ್ಲರಿಗೂ ಗೊತ್ತಿರುವುದೇ. ನಾನು ಹೇಳಹೊರಟದ್ದು ಬೇರೆ. ಜರ್ಮನಿಯ ಹ್ಯಾಮೆಲಿನ್ ಎಂಬ ಊರಿನ ಇಲಿಗಳ ಕಥೆಯನ್ನು ಬ್ರೌನಿಂಗ್ ಕವಿ ಇಂಗ್ಲಿಷಿಗೆ ತಂದಿದ್ದನು. ಅದನ್ನು ಕನ್ನಡದ ಮಕ್ಕಳಿಗೆ ಕೊಡುವಾಗ ಕುವೆಂಪು ಊರನ್ನೇ ಬದಲಾಯಿಸಿ ಬೊಮ್ಮನಹಳ್ಳಿಯನ್ನಾಗಿ ಮಾಡಿದರು, ಕೊಳಲೂದುವವನು ಕಿಂದರಿಜೋಗಿಯಾದನು. ಇಂದಿಗೂ ಆ ಇಲಿಗಳು ನಮ್ಮ ಅಟ್ಟದಿಂದಲೇ ಇಳಿದು ಬಂದುವೆಂದು ನಂಬದ ಕನ್ನಡದ ಮಗುವಿಲ್ಲ. ಭಾಷಾಂತರವೆಂದರೆ ಮಾತನ್ನು ಮಾತ್ರವಲ್ಲ, ಮನೆಯನ್ನೂ ತರುವುದೆಂದು ಅವರು ಬಲ್ಲವರಾಗಿದ್ದರು.

ಈ ವಿಷಯವನ್ನು ಪ್ರಸ್ತಾಪಿಸಿದಾಗ ಹಿರಿಯ ಸಹೋದ್ಯೋಗಿಯೊಬ್ಬರು ನನ್ನ ಮೇಲೆ ಬಿದ್ದರು. "ಕನ್ನಡದ ಎಂ.ಎ. ಮಾಡಿದವನು ನೀನು. ಅಂಗನವಾಡಿಯಲ್ಲಿ ಮಲೆಯಾಳವನ್ನೂ ಕೊಂಕಣಿಯನ್ನೂ ತುಂಬಿದರೆ ಕನ್ನಡದ ಗತಿ ಏನಪ್ಪ?" ಎಂದರು. ಅವರ ಕಳಕಳಿ ನನಗೆ ಅರ್ಥವಾಗುವುದು. ಇಂಗ್ಲಿಷಿನ ಹಾವಳಿಯಲ್ಲಿ ಕನ್ನಡಕ್ಕೆ ಉಳಿದಿರುವ ಸ್ಥಳವೇ ಸ್ವಲ್ಪ. ಆದರೂ ನಾನು ಒಪ್ಪಲಾರೆ. ಚಕ್ಕ ಎಂದುದಕ್ಕೆ ನಗೆಪಾಟಲಾದ ಮಗು ಹಲಸು ಎಂಬುದನ್ನು ಪ್ರೀತಿಯಿಂದ ಕಲಿಯುವುದೆ? ಆ ಮಗುವಿಗೆ ಕನ್ನಡವೆಂದರೆ ತನ್ನನ್ನು ಕಂಡು ನಕ್ಕ ಭಾಷೆ. ಮುಂದಿನ ವರ್ಷ ಅದರ ತಂದೆ ಸಾಲ ಮಾಡಿಯಾದರೂ ಹಳದಿ ವ್ಯಾನು ಬರುವ ಇಂಗ್ಲಿಷ್ ಶಾಲೆಗೆ ಸೇರಿಸುವನು. ಅಲ್ಲಿ ಎಲ್ಲ ಮಕ್ಕಳೂ ಸಮಾನವಾಗಿ ಮೂಕರಾಗಿರುವುದರಿಂದ ಒಬ್ಬರನ್ನು ಕಂಡು ಇನ್ನೊಬ್ಬರು ನಗುವಂತಿಲ್ಲ! ಕನ್ನಡವು ತನ್ನ ಮನೆಗೆ ಬಂದ ಮಗುವಿನ ಹೆಸರು ಕೇಳಿ, ಆಮೇಲೆ ತನ್ನ ಹೆಸರು ಹೇಳಬೇಕು. ಅಷ್ಟು ಸೌಜನ್ಯ ನಮ್ಮ ಭಾಷೆಗೆ ಹೊಸದಲ್ಲ. ಅದಿರಲಿ, ಕನ್ನಡದ ಮನೆಯ ಮಗುವಿಗಾದರೂ ಪುಸ್ತಕದ ಕನ್ನಡ ತನ್ನದಾಗಿರುವುದೆ? ಮನೆಯಲ್ಲಿ ಪೇರಲೆ, ಪುಸ್ತಕದಲ್ಲಿ ಸೀಬೆ. ಅವರೂ ಮೊದಲ ದಿನ ಒಂದಿಷ್ಟು ಪರದೇಶಿಗಳೇ.

ನಾವು ಏನು ಮಾಡಿದೆವೆಂದು ಹೇಳಬೇಕಲ್ಲವೆ? ದೊಡ್ಡದೇನೂ ಇಲ್ಲ. ನನ್ನ ಕಾಲೇಜಿಗೆ ಈ ಮೂರು ತಾಲ್ಲೂಕುಗಳಿಂದಲೂ ಹುಡುಗ ಹುಡುಗಿಯರು ಬರುವರು. ಅವರಿಗೆ ನೆನಪಿರುವ ಮೊದಲ ಪುಸ್ತಕ ಯಾವುದೆಂದು ಒಂದು ದಿನ ಕೇಳಿದೆನು. ಸ್ಲೇಟು ನೆನಪಿದೆ, ಮಗ್ಗಿ ನೆನಪಿದೆ, ಬಿದ್ದ ಪೆಟ್ಟು ಚೆನ್ನಾಗಿಯೇ ನೆನಪಿದೆ. ಪುಸ್ತಕ ಒಬ್ಬರಿಗೂ ನೆನಪಿರಲಿಲ್ಲ. ವಾಣಿಜ್ಯ ವಿಭಾಗದ ಹುಡುಗನೊಬ್ಬನಿಗೆ ಚಿತ್ರ ಬಿಡಿಸುವ ಕೈ ಇದ್ದಿತು. ಅವನೂ ನಾಲ್ವರು ಹುಡುಗಿಯರೂ ಸೇರಿ, ದಪ್ಪ ಡ್ರಾಯಿಂಗ್ ಹಾಳೆಯಲ್ಲಿ ಹನ್ನೆರಡು ಪುಟಗಳ ಪುಸ್ತಕ ಮಾಡಿದರು. ಅಂಚನ್ನು ಗೋಣಿದಾರದಿಂದ ಹೊಲಿದರು. ಪುಟಕ್ಕೊಂದು ಚಿತ್ರ: ಹಲಸು, ಮಳೆ, ಕೋಳಿ, ಕಾಲುಸಂಕ, ಅಡಿಕೆಯ ಹಾಳೆ, ಕಡುಬು, ಅಜ್ಜಿ. ಕೆಳಗೆ ದಪ್ಪಕ್ಷರದಲ್ಲಿ ಕನ್ನಡದ ಹೆಸರು. ಅದರ ಕೆಳಗೆ ಖಾಲಿ ಗೆರೆಗಳು. ಆ ಗೆರೆಗಳೇ ಪುಸ್ತಕದ ಜೀವ. ಮಕ್ಕಳು ತಮ್ಮ ಮನೆಯ ಹೆಸರನ್ನು ಹೇಳಿದಂತೆ ಟೀಚರ್ ಕನ್ನಡ ಲಿಪಿಯಲ್ಲಿ ಪೆನ್ಸಿಲಿನಿಂದ ಬರೆಯುವರು. ಮಳೆಯ ಪುಟದಲ್ಲಿ ಈಗ ಮಳ, ಬರ್ಸ, ಪಾವಸು ಎಂದು ಸಾಲಾಗಿ ಬಂದಿರುವುವು. ಅಜ್ಜಿಯ ಪುಟದಲ್ಲಿ ಅಮ್ಮಚ್ಚಿ ಎಂದು ಬರೆಯಿಸಿದವಳು ಯಾರೆಂಬುದನ್ನು ಹೇಳಬೇಕಾಗಿಲ್ಲ.

ವಿಮರ್ಶಕರು ದಾಕ್ಷಿಣ್ಯ ತೋರಿಸಲಿಲ್ಲ. ಮಳೆಯ ಚಿತ್ರದಲ್ಲಿ ಛತ್ರಿ ಹಿಡಿದು ಬರಿಗಾಲಲ್ಲಿ ನಡೆಯುವ ಹುಡುಗನನ್ನು ನೋಡಿ, "ಉಂಬಳ ಎಲ್ಲಿ?" ಎಂದು ಒಬ್ಬನು ಗಟ್ಟಿಯಾಗಿ ಕೇಳಿದನು. ನಮ್ಮ ಚಿತ್ರಕಾರನು ಅಲ್ಲಿಯೇ ಕುಳಿತು, ಹುಡುಗನ ಮೀನಖಂಡದ ಮೇಲೆ ಒಂದು ಉಂಬಳವನ್ನು ಬಿಡಿಸಿದನು. "ಇನ್ನೂ ದಪ್ಪ" ಎಂದರು. ದಪ್ಪಮಾಡಿದನು. ಸಭೆಗೆ ತೃಪ್ತಿಯಾಯಿತು. ಆ ಪುಟ ಈಗ ಬೆರಳಿನ ಕಲೆಗಳಿಂದ ಕಪ್ಪಾಗಿಹೋಗಿದೆ.

ಪುಸ್ತಕ ಮಾಡಿದರಾಗಲಿಲ್ಲ, ಅದನ್ನು ಇಡುವ ಎತ್ತರವೂ ಮುಖ್ಯ. ಅನೇಕ ಕಡೆ ಮ್ಯಾಗಜಿನ್ ಗಾತ್ರದ ಒಳ್ಳೆಯ ಚಿತ್ರಪುಸ್ತಕಗಳು ಬಂದು ಕಬ್ಬಿಣದ ಬೀರುವಿನಲ್ಲಿ ಬೀಗದೊಳಗಿರುವುವು. ಮಕ್ಕಳು ಹರಿಯುವರೆಂಬ ಭಯ. ಹರಿಯದ ಪುಸ್ತಕ ಓದದ ಪುಸ್ತಕ. ಯುಯಿ ಮೊರಾಲೆಸ್ ಎಂಬ ಮೆಕ್ಸಿಕೋದ ಚಿತ್ರಕಾರ್ತಿ ೨೦೧೮ರಲ್ಲಿ ತನ್ನ ಜೀವನವನ್ನೇ ಚಿತ್ರಪುಸ್ತಕವಾಗಿ ಬರೆದಳು. ಕೈಗೂಸಿನೊಡನೆ ಅಮೆರಿಕಕ್ಕೆ ಬಂದು, ಭಾಷೆ ತಿಳಿಯದೆ ಅಲೆದು, ಕೊನೆಗೆ ಸಾನ್ ಫ್ರಾನ್ಸಿಸ್ಕೋದ ಸಾರ್ವಜನಿಕ ಗ್ರಂಥಾಲಯದ ಬಾಗಿಲು ತೆರೆದಿರುವುದನ್ನು ಕಂಡ ಕಥೆ. ಅಲ್ಲಿ ತಾಯಿಮಗು ಇಬ್ಬರೂ ನೆಲದ ಮೇಲೆ ಕುಳಿತು ಚಿತ್ರಪುಸ್ತಕಗಳಿಂದಲೇ ಹೊಸ ಭಾಷೆಯನ್ನು ಕಲಿತರು. ನಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಲ್ಲಿ ೨೦೨೦ರಲ್ಲಿ 'ಓದುವ ಬೆಳಕು' ಎಂಬ ಕಾರ್ಯಕ್ರಮ ಮೊದಲಾಗಿ, ಶಾಲೆಯ ಮಕ್ಕಳಿಗೆ ಉಚಿತವಾಗಿ ಸದಸ್ಯತ್ವ ಕೊಡತೊಡಗಿದುದು ಸಂತೋಷದ ಸಂಗತಿ. ಶಾಲೆಗೆ ಇನ್ನೂ ಸೇರದ ಕಿರಿಯರಿಗೂ, ಅವರನ್ನು ಸೊಂಟದ ಮೇಲೆ ಕೂರಿಸಿಕೊಂಡು ಬರುವ ತಾಯಂದಿರಿಗೂ ಅಲ್ಲೊಂದು ಚಾಪೆ ಹಾಸಿ, ಮೊಳಕಾಲೆತ್ತರದಲ್ಲಿ ಒಂದು ಹಲಗೆ ಹೊಡೆದರೆ ಖರ್ಚೇನು? ಒಬ್ಬ ಬಡಗಿಯ ಅರ್ಧ ದಿನದ ಕೂಲಿ.

ಎರಡನೆಯ ಪುಸ್ತಕ ಈಗ ನಡೆದಿದೆ. ಅದು ರೈಲಿನದು. ಈ ಮೂರು ತಾಲ್ಲೂಕುಗಳಲ್ಲಿ ಎಲ್ಲಿಯೂ ಇಂದು ರೈಲಿಲ್ಲ. ಮಕ್ಕಳು ಅದನ್ನು ಅಕ್ಷರಮಾಲೆಯಲ್ಲಿ ಮಾತ್ರ ಬಲ್ಲರು. ಆದರೆ ಮೈಸೂರು ಸಂಸ್ಥಾನದ ಕಾಲದಲ್ಲಿ ತರೀಕೆರೆಯಿಂದ ಕಾಡಿನೊಳಗೆ ಹಾದು ನರಸಿಂಹರಾಜಪುರದವರೆಗೆ ಎರಡೇ ಅಡಿ ಅಗಲದ ಹಳಿಯ ಮೇಲೆ ಪುಟ್ಟ ರೈಲೊಂದು ಬರುತ್ತಿದ್ದಿತು. ತಮ್ಮ ಊರಿಗೇ ರೈಲು ಬರುತ್ತಿತ್ತೆಂದು ಕೇಳಿದ ಮಕ್ಕಳು ಮೊದಲು ನಂಬಲಿಲ್ಲ. ಆಮೇಲೆ, ಅದು ಎಲ್ಲಿಗೆ ಹೋಯಿತೆಂದು ಕೇಳಿ ನಮ್ಮನ್ನು ಕಂಗೆಡಿಸಿದರು. ರೈಲಿಗೆ ಮನೆಯ ಹೆಸರೇನೂ ಇರಲಾರದೆಂದು ಗೆರೆ ಎಳೆಯುವುದನ್ನು ಬಿಡುವುದರಲ್ಲಿದ್ದೆವು. ಮಗುವನ್ನು ಕರೆದೊಯ್ಯಲು ಬಂದ ಆ ಅಮ್ಮಚ್ಚಿಯೇ ಬಾಗಿಲಲ್ಲಿ ನಿಂತು, "ತೀವಂಡಿ" ಎಂದಳು. ಬೆಂಕಿಯ ಬಂಡಿ ಎಂದರ್ಥವಂತೆ. ಹಿಂದೆ ನಮ್ಮವರೂ ಹೊಗೆಬಂಡಿ ಎನ್ನುತ್ತಿದ್ದರಲ್ಲವೆ? ಗೆರೆ ಎಳೆದಾಗಿದೆ. ಹೊಗೆಗೆ ಬೂದುಬಣ್ಣ ಹಚ್ಚುವುದೋ ಕಪ್ಪು ಹಚ್ಚುವುದೋ ಎಂಬ ಚರ್ಚೆ ಮಾತ್ರ ಇನ್ನೂ ಮುಗಿದಿಲ್ಲ.